ದಾಯಿಮಾ ಗಲ್ಲಿ

ಟಕ್, ಟಕ್. ರಾತ್ರಿ ಒಂದು ಗಂಟೆಗೆ ಗೋಡೆಗೆ ಮೊಳೆ ಹೊಡೆಯುವ ಸದ್ದು. ಶೀತಲ ಪರದೆಯನ್ನು ಒಂದು ಬೆರಳಷ್ಟೇ ಸರಿಸಿ ನೋಡಿದಳು. ಬಸವಕಲ್ಯಾಣದ ಅವಳ ಗಲ್ಲಿಯ ಮೂಲೆಯಲ್ಲಿ ದಿಗಂಬರ ಸಾವಕಾರರು ಸ್ವತಃ ಟಾರ್ಚ್ ಹಿಡಿದು ನಿಂತಿದ್ದರು. ಆಳು ಫಲಕ ಬಡಿಯುತ್ತಿದ್ದ: ‘ವಿಠಲರಾವ ಸಾವಕಾರ ಮಾರ್ಗ’. ದಿಗಂಬರರ ಅಜ್ಜನ ಹೆಸರು. ಇಷ್ಟು ದೊಡ್ಡ ಗೌರವವನ್ನು ಹಗಲಲ್ಲಿ ನೇತುಹಾಕುವ ಧೈರ್ಯವೊಂದೇ ಅವರಿಗಿರಲಿಲ್ಲ.

ಫಲಕಕ್ಕೆ ಆಧಾರ ಶೀತಲಳ ವರದಿ. ಸಾವಕಾರರ ಕಾಲೇಜಿನಲ್ಲಿ ಅವಳು ಇತಿಹಾಸದ ಅತಿಥಿ ಉಪನ್ಯಾಸಕಿ. ಮುಂದಿನ ವರ್ಷದ ನೇಮಕ ಅವರ ಕೈಯಲ್ಲಿತ್ತು. ಎರಡು ಸಲ ಹೆಸರು ಬದಲಾದ ಈ ಗಲ್ಲಿಯ ಮೂಲ ಹೆಸರು ಹುಡುಕಲು ಅವರೇ ಹೇಳಿದ್ದರು. ನಿಜಾಮರ ಕಾಲದ ನಕ್ಷೆಯಲ್ಲಿ ಏಳು ಗಲ್ಲಿಗಳ ಗೆರೆಗಳಷ್ಟೇ ಇದ್ದವು. ಹೆಸರುಗಳು ಬೇರೊಂದು ಉರ್ದು ಡೈರೆಕ್ಟರಿಯಲ್ಲಿದ್ದವು. ಹುಮನಾಬಾದಿನ ಜಹೀರುದ್ದೀನ್ ಸಾಹೇಬರಿಂದ ಆ ಪಟ್ಟಿ ಓದಿಸಿಕೊಂಡು ಅವಳು ಒಂದೊಂದನ್ನೇ ಗೆರೆಗಳಿಗೆ ಹೊಂದಿಸಿದ್ದಳು. ಪಟ್ಟಿಯ ಮೊದಲ ಹೆಸರು ವಿಠಲರಾವರ ಗಲ್ಲಿ, ಅದು ಈ ಗಲ್ಲಿಗೆ ಬಂತು; ಕೊನೆಯದು ದಾಯಿಮಾ ಗಲ್ಲಿ, ಅದು ಆಚೆ ತುದಿಗೆ ಹೋಯಿತು. ದಾಯಿಮಾ ಅಂದರೆ ಸೂಲಗಿತ್ತಿ, ಇದು ಸೂಲಗಿತ್ತಿಯಾಗಿದ್ದ ತನ್ನ ಮುತ್ತಜ್ಜಿಯ ಗಲ್ಲಿ ಎಂದು ಎದುರುಮನೆಯ ಶಾಯಿಸ್ತಾ ಗಲ್ಲಿಯವರ ಸಭೆಯಲ್ಲಿ ಹೇಳಿದಾಗ, ಸಾವಕಾರರು ಅದೇ ವರದಿ ಎತ್ತಿ ತೋರಿಸಿ ಎಲ್ಲರನ್ನೂ ನಗಿಸಿದ್ದರು.

ಬೆಳಿಗ್ಗೆ ಡೈರೆಕ್ಟರಿ ಹಿಂತಿರುಗಿಸಲು ಶೀತಲ ಹುಮನಾಬಾದಿಗೆ ಹೋದಳು. ಭೂಮಾಪನ ಇಲಾಖೆಯ ನಿವೃತ್ತ ಗುಮಾಸ್ತರಾದ ಜಹೀರುದ್ದೀನ್ ಅವಳ ವರದಿ ಓದಿ ಕನ್ನಡಕ ತೆಗೆದಿಟ್ಟರು.

“ಎಡಗಡೆಯಿಂದ ಎಣಿಸೀರೇನು ಬೇಟಿ?”

“ಹೌದ್ರಿ. ಮತ್ತ ಹ್ಯಾಂಗ ಎಣಿಸಬೇಕ್ರಿ?”

“ಉರ್ದು ಬರಿಯೂದು ಬಲಗಡೆಯಿಂದ. ಬರದಾಂವ ಗಲ್ಲಿ ಎಣಿಸಿದ್ದೂ ಬಲಗಡೆಯಿಂದನ. ನಿಮ್ಮ ಒಂದನೇದು ಖರೇ ಅಂದ್ರ ಏಳನೇದು.”

ಅವರು ನಕ್ಷೆಯ ಮೇಲೆ ಬೆರಳಾಡಿಸಿ ತೋರಿಸಿದರು. ಶೀತಲಳ ಗಲ್ಲಿಯೇ ದಾಯಿಮಾ ಗಲ್ಲಿ. ವಿಠಲರಾವರ ಗಲ್ಲಿ ಆಚೆ ತುದಿಯಲ್ಲಿತ್ತು, ಈಗ ಊರಿನ ಕಸ ಬೀಳುವಲ್ಲಿ. ತಿದ್ದಿ ಬರೆದುಕೊಡಬೇಕೆಂದು ಅವರು ಹೇಳಿದರು, ಅವಳು ಒಪ್ಪಿದಳು. ಬಸ್ಸಿನಲ್ಲಿ ಮನಸ್ಸಿನಲ್ಲೇ ಆ ತಿದ್ದುಪಡಿಯನ್ನು ಮೂರು ಸಲ ಬರೆದಳು. ಮೂರನೆಯ ಸಲಕ್ಕೆ ಅದು ಎಷ್ಟು ವಿನಯವಾಗಿತ್ತೆಂದರೆ ಅದರಲ್ಲಿ ತಪ್ಪೇ ಉಳಿದಿರಲಿಲ್ಲ.

ಅವಳು ಗಲ್ಲಿಗೆ ಮರಳಿದಾಗ ಶಾಯಿಸ್ತಾ ತನ್ನ ಹೊಸ್ತಿಲಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು.

“ಹುಮನಾಬಾದಿಗಿ ಹೋಗಿದ್ರಂತಲ್ಲ ಟೀಚರ್. ಹೊಸಾದೇನರ ಸಿಕ್ತೇನ್ರಿ?”

“ಏನೂ ಇಲ್ರಿ.”

ಶಾಯಿಸ್ತಾ ಫಲಕದ ಕಡೆ ನೋಡಿದಳು. “ಇರ್ಲಿ ಬಿಡ್ರಿ. ದಿಗಂಬರ ಸಾಹೇಬರ ಅಪ್ಪನ ಹೊಕ್ಕಳ ಕೊಯ್ದಾಕಿ ನಮ್ಮ ಮುತ್ತಜ್ಜಿ. ಈಗ ಅವರನ್ನ ಹೊಳ್ಳಿ ಒಳಗ ಹಾಕಾಕ ಆಗ್ತದೇನು?”

ಶೀತಲಳಿಗೆ ನಗು ಬಂತು, ಆದರೆ ಮೊದಲು ಗಲ್ಲಿಯ ಎರಡೂ ತುದಿ ನೋಡಿಕೊಂಡಳು. ಒಳಗೆ ಬಂದು ಚಿಲಕ ಹಾಕಿ, ಎಣಿಕೆ ತಪ್ಪಿದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿದಳು. ಆಮೇಲೆ ಮುಂದಿನ ವರ್ಷದ ನೇಮಕದ ಅರ್ಜಿ ತೆಗೆದು, ವಿಳಾಸದ ಜಾಗದಲ್ಲಿ ದುಂಡಗೆ ಬರೆದಳು: ವಿಠಲರಾವ ಸಾವಕಾರ ಮಾರ್ಗ.