ಎರಡನೇ ಸೂಜಿ

"ಇದನ್ನೂ ನಾನೇ ಹೇಳಬೇಕಾ?" ಎಂದು ನರ್ಸ್ ಸುಗಂಧಿ ಚೆನ್ನಾಜಮ್ಮನ ಮನೆಯ ಮೆಟ್ಟಿಲ ಮೇಲೆ ನಿಂತು, ತನ್ನಷ್ಟಕ್ಕೆ ತಾನೇ ಕೇಳಿಕೊಂಡಳು.

ಜನರ ತಲೆಯೊಳಗಿನ ಮೈಯನ್ನು ನಡೆಸುವ ಪಿಟ್ಯುಟರಿ ಗ್ರಂಥಿಗಳೆಲ್ಲ ಕೆಲಸ ನಿಲ್ಲಿಸಿದ ಮೇಲೆ ಬೀದಿಗೊಬ್ಬಳು ನರ್ಸ್ ಬಂದಿದ್ದಳು. ದಿನಾ ಬೆಳಿಗ್ಗೆ ಎಲ್ಲರಿಗೂ ಒಂದು ಸೂಜಿ. ಕೆಟ್ಟ ಸುದ್ದಿಯಿದ್ದರೆ ಅದನ್ನು ತಡೆದುಕೊಳ್ಳುವ ಬಲ ಮೈಯಲ್ಲಿ ತಾನಾಗಿ ಹುಟ್ಟುತ್ತಿರಲಿಲ್ಲ. ಅದಕ್ಕೇ ಮೊದಲು ಎರಡನೇ ಸೂಜಿ, ಆಮೇಲೆ ಸುದ್ದಿ. ಹೋದ ವರ್ಷ ಸುಗಂಧಿ ಅವಸರದಲ್ಲಿ ಸೂಜಿಗೆ ಮೊದಲೇ ಬಾಯಿಬಿಟ್ಟಿದ್ದಳು. ಎದುರುಮನೆಯ ರಾಚಪ್ಪ ಕೂತಲ್ಲೇ ಕುಸಿದವನು ಮತ್ತೆ ಏಳಲಿಲ್ಲ. ಆ ಬಾಗಿಲ ಮುಂದೆ ಅವಳು ಇವತ್ತಿಗೂ ತಲೆ ಎತ್ತಿ ನಡೆಯುವುದಿಲ್ಲ.

ಚೆನ್ನಾಜಮ್ಮ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದರು.

"ಬೆಳಿಗ್ಗೆ ಚುಚ್ಚಿದ್ದು ಮರೆತೋಯ್ತೇನೆ? ನನಗಿಂತ ಮುದುಕಿ ಆದ್ಯಲ್ಲೇ!" ಎಂದು ನಗಲು ನೋಡಿದರು.

ಸುಗಂಧಿ ಸೂಜಿಯ ಪೆಟ್ಟಿಗೆ ತೆರೆದಳು. ಸೊಪ್ಪಿನ ಮೇಲಿದ್ದ ಕೈ ನಿಂತುಹೋಯಿತು.

"ನಮ್ಮ ಗೌರಾ ಆಸ್ಪತ್ರೆಯಿಂದ ನಾಳೆ ಬರ್ತಾಳೆ," ಎಂದರು ಚೆನ್ನಾಜಮ್ಮ, ಮೆಲ್ಲಗೆ. "ಅವಳು ಪದ್ಯ ಓದ್ತಾಳೆ, ನಾನು ಅರ್ಥ ಹೇಳ್ತೀನಿ. ಅರವತ್ತು ವರ್ಷದಿಂದ ಹಾಗೇ ನಡೆದಿದೆ."

ತಂಗಿ ಗೌರಮ್ಮ ಬೆಳಿಗ್ಗೆಯೇ ತೀರಿಕೊಂಡಿದ್ದರು. ನಾಲ್ಕು ಗಂಟೆಗೆ ಹೆಣ ಎತ್ತುತ್ತಾರೆ. ಅಷ್ಟರೊಳಗೆ ಹೇಳದಿದ್ದರೆ ಅಕ್ಕನಿಗೆ ತಂಗಿಯ ಮುಖ ನೋಡಲು ಸಿಗುವುದಿಲ್ಲ.

"ತೋಳು ಕೊಡಿ ಅಜ್ಜಿ. ದಮ್ಮಯ್ಯ ಅಂತೀನಿ. ಆಮೇಲೆ ನೀವೇ ಕೊರಗ್ತೀರಿ."

ಚೆನ್ನಾಜಮ್ಮ ಸೆರಗನ್ನು ಎರಡೂ ತೋಳಿನ ಮೇಲೆ ಬಿಗಿಯಾಗಿ ಹೊದ್ದುಕೊಂಡರು.

"ಚುಚ್ಚದೆ ನೀನು ಹೇಳೋ ಹಾಗಿಲ್ಲ ತಾನೆ? ಹಾಗಾದ್ರೆ ನಾನು ತೋಳು ಕೊಡೋದಿಲ್ಲ."