ಹದಿನಾಲ್ಕು ಊರುಗಳ ಸೊನ್ನೆ

ಎರಡು ಸಾವಿರದ ಒಂದನೇ ಇಸವಿ, ಚಳಿ ಕಳೆದರೂ ಬಿಸಿಲು ಇನ್ನೂ ಕಾಯದ ಮಾರ್ಚ್ ತಿಂಗಳು, ಬೆಳಿಗ್ಗೆ ಏಳು ಗಂಟೆ. ಅಮೆರಿಕದ ಫಾಸ್ಟರ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ಮರಿತಾಯಮ್ಮ ಕನ್ನಡಕ ಏರಿಸಿಕೊಂಡು, ದಪ್ಪ ಪುಸ್ತಕದ ಮೇಲೆ ಬೆರಳಿಟ್ಟು ಅಂಕಿ ಓದತೊಡಗಿದರು. ಎದುರಿಗೆ ಅವರ ತಂಗಿಯ ಮಗಳು ನಿಸರ್ಗಾ ಅದನ್ನು ಕಂಪ್ಯೂಟರಿಗೆ ಒತ್ತುತ್ತಿದ್ದಳು. ಟೈಪು ಮಾಡಿ ಮಾಡಿ ಅವಳ ಎರಡೂ ಮಣಿಕಟ್ಟು ಊದಿಕೊಂಡು ಡಾಕ್ಟರು ಪಟ್ಟಿ ಕಟ್ಟಿದ್ದರು. ಪುಟ ತಿರುವಿದರೂ ನೋವು. ಪುಸ್ತಕ ಯಾವುದೋ ಪುಟ್ಟ ಬೆಟ್ಟದ ದೇಶದ್ದು. ಯಾವ ಹಳ್ಳಿಯಲ್ಲಿ, ಯಾವ ಪೇಟೆಯಲ್ಲಿ ಎಷ್ಟು ಜನ ಇದ್ದಾರೆ ಎಂದು ಹತ್ತು ವರ್ಷಕ್ಕೊಮ್ಮೆ ಎಣಿಸಿ ಬರೆದದ್ದು. ಅದನ್ನು ಇಂಟರ್‌ನೆಟ್ಟಿಗೆ ಏರಿಸುವ ಕೆಲಸ ನಿಸರ್ಗಾಳ ಕಂಪನಿಗೆ ಬಂದಿತ್ತು.

ಮರಿತಾಯಮ್ಮ ಹಾಸನದ ಕಡೆಯವರು, ಓದಿದ್ದು ಎರಡನೇ ಕ್ಲಾಸು. ಅಂಕಿ ಮಾತ್ರ ತಪ್ಪುವವರಲ್ಲ. ಜನಗಣತಿಗೆ ಬಂದ ಮೇಷ್ಟರಿಗೆ ಮೂರು ಸಲ ಊರಿನ ಮನೆ ಮನೆ ತೋರಿಸಿದವರು. ಆಗ ಯಾವ ಬಾಗಿಲ ಹಿಂದೆ ಎಷ್ಟು ಜನ ಇದ್ದರು ಅಂತ ಈಗ ಕೇಳಿದರೂ ಹೇಳುತ್ತಿದ್ದರು.

"ಮುನ್ನೂರ ಹನ್ನೆರಡು. ನೂರ ನಲವತ್ತು. ಅರವತ್ತೊಂದು. ಒಂಬತ್ತು." ಆ ಊರಿನ ಸಾಲಿನ ಕೊನೆಯ ಚೌಕದಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು. "ಒಂದು."

"ಮುಂದೆ?"

"ಈ ಊರಿಗೇನ್ ಪ್ಲೇಗ್ ಬಂದಿತ್ತೇನವ್ವ?"

"ಇಲ್ಲ ದೊಡ್ಡಮ್ಮ, ಎಲ್ಲಾ ಸಿಟಿಗೆ ಕೆಲಸಕ್ಕೆ ಹೋಗಿದಾರೆ. ಎಡಗಡೆ ಪೇಜು ಹಳ್ಳಿ, ಬಲಗಡೆ ಪೇಜು ಸಿಟಿ. ನೀವು ನಂಬರ್ ಓದಿ, ಕಥೆ ಕೇಳ್ಬೇಡಿ."

"ನಮ್ ಮೇಷ್ಟ್ರೂ ಹಂಗೇ ಅಂತಿದ್ರು," ಎಂದು ನಕ್ಕು ಮರಿತಾಯಮ್ಮ ಮುಂದಿನ ಊರಿಗೆ ಹೋದರು. ಹೀಗೆ ಹನ್ನೊಂದು ಬೆಳಗು ಓದಿ ಪುಸ್ತಕ ಮುಗಿಸಿದರು.

ವಾರ ಕಳೆದ ಮೇಲೆ, ನಿಸರ್ಗಾಳ ಮೇಲಧಿಕಾರಿ ರಘು ಫೋನು ಮಾಡಿದ. ನಲವತ್ತು ಜನರಿದ್ದ ಅವರ ಆಫೀಸು ಅಷ್ಟರಲ್ಲಿ ಒಂಬತ್ತಕ್ಕೆ ಇಳಿದಿತ್ತು. "ಹದಿನಾಲ್ಕು ಹಳ್ಳೀಲಿ ಪುಸ್ತಕ ಸೊನ್ನೆ ಅಂತಿದೆ, ನಿನ್ನ ಟೇಬಲ್ಲು ಒಂದು ಅಂತಿದೆ. ಆ ದೇಶದವರು ಕೇಳ್ತಿದಾರೆ, ತಾವೇ ಹೋಗಿ ನೋಡ್ತಾರಂತೆ. ನಾಳೆ ಸಂಜೆಯೊಳಗೆ ಸರಿ ಮಾಡು ನಿಸರ್ಗಾ. ಇಲ್ದಿದ್ರೆ ಮುಂದಿನ ಲಿಸ್ಟಲ್ಲಿ ನಿನ್ನ ಹೆಸರು. ನನ್ನ ಕೈಲಿ ಏನೂ ಇಲ್ಲ."

ಮರಿತಾಯಮ್ಮ ಕಿಟಕಿಯ ಬೆಳಕಿಗೆ ಕೂತು ಅಕ್ಕಿ ಆರಿಸುತ್ತಿದ್ದರು. ನಿಸರ್ಗಾ ಬಂದು ನಿಂತಳು. "ದೊಡ್ಡಮ್ಮ, ಸೊನ್ನೆ ಇದ್ದ ಕಡೆ ಒಂದು ಅಂತ ಓದಿದ್ರಾ?"

"ಓದ್ದೆ. ಡಬ್ಬೀಲಿ ಅಕ್ಕಿ ಆಗೋದ್ರೆ ಇಲ್ಲ ಅಂತೀವಾ? ತುಂಬೈತೆ ಅಂತೀವಿ. ಅಂಥಾದ್ರಲ್ಲಿ ಬೆಳಿಗ್ಗೆ ಎದ್ದು ಬಾಯ್ಬಿಟ್ಟು, ಒಂದು ಊರಿಗೆ ಊರನ್ನೇ ಯಾರೂ ಇಲ್ಲ ಅನ್ನಕ್ಕಾಯ್ತದಾ? ದೀಪ ಹಚ್ಚಕ್ಕೆ ಒಬ್ಬಳು ಇರ್ಲಿ ಅಂತ ಒಂದು ಅಂದೆ."

"ಒಬ್ಬಳು ಅಂತ ನಿಮಗೆ ಯಾರು ಹೇಳಿದ್ರು?"

"ಕೊನೇಲಿ ಇನ್ಯಾರು ಉಳೀತಾರೆ?"

ನಿಸರ್ಗಾ ರೇಗಲಿಲ್ಲ. ಪಕ್ಕದಲ್ಲೇ ನೆಲದ ಮೇಲೆ ಕುಳಿತಳು. "ನನ್ನ ಕೆಲಸ ಹೋಗುತ್ತೆ ದೊಡ್ಡಮ್ಮ. ಕೆಲಸ ಹೋದ್ರೆ ವೀಸಾನೂ ಹೋಯ್ತು."

"ಹಂಗಾದ್ರೆ ನೀನೇ ಒತ್ಕೋ. ನನ್ ಬಾಯಲ್ಲಿ ಬರಲ್ಲ."

ಮಾರನೆಯ ಸಂಜೆ ನಾಲ್ಕೂವರೆಗೆ ನಿಸರ್ಗಾ ಹದಿನಾಲ್ಕು ಒಂದನ್ನೂ ಅಳಿಸಿ ಸೊನ್ನೆ ಕೂರಿಸಿದಳು. ಒಂದೊಂದು ಸೊನ್ನೆ ಕೂತಾಗಲೂ ಮರಿತಾಯಮ್ಮ ಅಡುಗೆಮನೆಯಿಂದ "ಹೋಯ್ತಾ?" ಎಂದರು. ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದವರಿಗೆ ಕೀಲಿಮಣೆಯ ಸದ್ದು ಕೇಳುವಂತಿರಲಿಲ್ಲ. ಹದಿನಾಲ್ಕು ಸಲ ಕೇಳಿ ಸುಮ್ಮನಾದರು.

ನಾಲ್ಕು ದಿನಕ್ಕೆ ಆ ದೇಶದಿಂದ ಕಾಗದ ಬಂತು. ರಘು ಕಳಿಸಿದ ಈಮೇಲನ್ನು ನಿಸರ್ಗಾ ಕನ್ನಡಕ್ಕೆ ತಿರುಗಿಸಿ ಓದಿದಳು.

"ನಿಮ್ಮ ಮೊದಲ ಪಟ್ಟಿ ನೋಡಿ ನಮ್ಮವರು ಹದಿನಾಲ್ಕು ಊರಿಗೂ ಹೋದರು. ಊರಿಗೊಬ್ಬಳು ಮುದುಕಿ ಇದ್ದಳು. ಒಲೆ ಉರಿಯುತ್ತಿತ್ತು. ಯಾವಾಗ ಬಂದೆ ಎಂದರೆ, ಹೋದ ತಿಂಗಳು ಒಂದು ಬೆಳಿಗ್ಗೆ ಯಾರೋ ಕರೆದರು, ಬಂದೆ ಎಂದು ಎಲ್ಲರೂ ಒಂದೇ ಮಾತು ಹೇಳಿದರು. ಪೇಟೆಯ ಪಟ್ಟಿ ತೆಗೆದು ನೋಡಿದೆವು, ಅಲ್ಲಿ ಹದಿನಾಲ್ಕು ಜನ ಕಡಿಮೆ ಇದ್ದರು. ನಮ್ಮ ಪುಸ್ತಕವೇ ತಪ್ಪು ಎಂದುಕೊಂಡು ಫೋಟೋ ತೆಗೆಯಲು ಮತ್ತೆ ಹೋದೆವು. ಯಾರೂ ಇರಲಿಲ್ಲ. ಬೂದಿ ಬಿಸಿ ಇತ್ತು. ಬಡಿಸಿಕೊಂಡ ತಟ್ಟೆಯಲ್ಲಿ ತುತ್ತು ಮುರಿದಿರಲಿಲ್ಲ. ಪೇಟೆಗೂ ಅವರು ಬಂದಿಲ್ಲ. ಅಷ್ಟರಲ್ಲಿ ನಿಮ್ಮ ತಿದ್ದಿದ ಪಟ್ಟಿ ಕೈಸೇರಿತು. ಅದೇ ಸರಿಯಾಗಿದೆ. ವಂದನೆಗಳು."

ಕೆಳಗೆ ರಘು ಒಂದು ಸಾಲು ಸೇರಿಸಿದ್ದ: ಲಿಸ್ಟಲ್ಲಿ ನಿನ್ನ ಹೆಸರಿಲ್ಲ.

"ಮತ್ತೆ ಒಂದು ಅಂತ ಹಾಕು," ಎಂದರು ಮರಿತಾಯಮ್ಮ.

"ಅವರೇ ಸರಿ ಅಂದಿದ್ದನ್ನ ಈಗ ಬದಲಾಯಿಸಿದ್ರೆ ಇವತ್ತೇ ನನ್ನ ಕಳಿಸ್ತಾರೆ." ಪಟ್ಟಿ ಕಟ್ಟಿದ ಕೈಗಳು ಕೀಲಿಗಳ ಮೇಲೆ ಬಹಳ ಹೊತ್ತು ಇದ್ದವು. ಆಮೇಲೆ ಅವಳು ಅವನ್ನು ಮಡಿಲಿಗೆ ಎಳೆದುಕೊಂಡಳು.

"ನೀನು ಒತ್ತಿದ್ದು ಯಾವತ್ತು ಮಗಾ?"

"ಶುಕ್ರವಾರ."

ಮರಿತಾಯಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಶುಕ್ರವಾರ ಹೆಣ್ಮಕ್ಕಳು ತಾವೇ ಹೊರಟು ನಿಂತ್ರೂ ನಾವು ಕಳಿಸಲ್ಲ ಕಣವ್ವ," ಎಂದರು. "ಹದಿನಾಲ್ಕು ಜನ, ತಟ್ಟೆ ಮುಂದಿಂದ ಎದ್ದು ಹೋದ್ರಲ್ಲ."