ಅಧ್ಯಕ್ಷರು, ವ್ಯವಸ್ಥಾಪಕರು ಮತ್ತು ಒಂದು ಪ್ಯಾಂಟು

ಹೊಲಿಗೆ ಅಂಗಡಿ ತೆರೆಯುವ ಮುನ್ನಾದಿನ ಮಾವ ತಮ್ಮನ್ನು ತಾವೇ ಅಧ್ಯಕ್ಷರೆಂದು ಘೋಷಿಸಿಕೊಂಡರು. ಅವರ ಮಗ ವ್ಯವಸ್ಥಾಪಕನಾದ. ಅಧ್ಯಕ್ಷರಿಗೆ ತಿರುಗುವ ಕುರ್ಚಿ ಬಂತು, ವ್ಯವಸ್ಥಾಪಕನಿಗೆ ಗಾಜಿನ ಮೇಜು. ಅವೆರಡಕ್ಕೂ ಜಾಗವಾಗಲೆಂದು ಹೊಸ ಹೊಲಿಗೆ ಯಂತ್ರವನ್ನು ಬಚ್ಚಲ ಬಾಗಿಲ ಪಕ್ಕಕ್ಕೆ ತಳ್ಳಲಾಯಿತು. ಬಟ್ಟೆ ಕತ್ತರಿಸುವ ಹಲಗೆ ಒಳಗೆ ಹಿಡಿಸಲೇ ಇಲ್ಲ. ಹೊರಗೆ ಗೋಡೆಗೆ ಒರಗಿ ನಿಂತಿತು.

ಸೊಸೆ ಹೊಸ್ತಿಲಲ್ಲೇ ನಿಂತು ನೋಡಿದಳು. ಸಣ್ಣ ಉದ್ದಿಮೆಯ ತರಗತಿಗೆ ಚಳಿಗಾಲವಿಡೀ ಹೋದವಳು ಅವಳು. ಯಾರಿಗೆ ಏನು ಬೇಕು, ಎಷ್ಟರಿಂದ ಶುರು ಮಾಡಬೇಕು ಎಂದೆಲ್ಲ ಕಲಿತು, ಬೀದಿ ಸುತ್ತಿ, ಒಂದು ತೀರ್ಮಾನಕ್ಕೆ ಬಂದಿದ್ದಳು. ಇಲ್ಲಿ ಸಿದ್ಧ ಉಡುಪಿನ ಅಂಗಡಿಗಳಿಗೆ ಬರವಿಲ್ಲ. ಕೊಂಡ ಪ್ಯಾಂಟನ್ನು ಗಿಡ್ಡ ಮಾಡಿಕೊಡುವವರು, ದೊಗಲೆ ಅಂಗಿಯನ್ನು ಮೈಗೆ ಸರಿಮಾಡಿಕೊಡುವವರು ಒಬ್ಬರೂ ಇಲ್ಲ.

ಇದನ್ನು ಮನೆಯಲ್ಲಿ ಹೇಳಿದಾಗ ಮಾವ ಮುಖ ಸಿಂಡರಿಸಿದ್ದರು. ತೇಪೆ ಅಂಗಡಿಗೆ ಅಧ್ಯಕ್ಷರು ಎಂದು ಹೇಳಿಕೊಳ್ಳುವುದು ಹೇಗೆ? ಸೂಟುಗಳನ್ನೇ ಹೊಲಿಯುವುದೆಂದು ಅಪ್ಪ ಮಗ ಊಟಕ್ಕೆ ಕೂತಲ್ಲೇ ನಿರ್ಣಯಿಸಿದರು. ಎರಡನೇ ಶಾಖೆ ಎಲ್ಲಿ ತೆರೆಯಬೇಕೆಂಬುದರ ಮೇಲೆ ಇಬ್ಬರಿಗೂ ಜಗಳವಾಗಿ ಮಾತು ಬಿಟ್ಟದ್ದೂ ಆಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರೆ. ಇಲ್ಲಿ ಆ ಕುಲಾವಿಯನ್ನು ಹೊಲಿಯಲೂ ಅವಳೇ ಬೇಕಿತ್ತು.

"ಮಾವ, ಹೊಲಿಯೋರು ಯಾರು?" ಎಂದು ಅವಳು ಈಗ ಕೇಳಿದಳು.

"ನೀನಿದ್ದೀಯಲ್ಲಮ್ಮ." ಮಾವ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿದರು.

"ಏನು ಹೊಲೀಬೇಕು ಅನ್ನೋದನ್ನ ನನ್ನನ್ನೂ ಕೇಳ್ತೀರಾ?"

ಗಂಡ ಗಾಜಿನ ಮೇಲಿನ ಬೆರಳ ಗುರುತನ್ನು ತೋಳಿನಿಂದ ಒರೆಸಿದ. "ಯೋಜನೆ ಎಲ್ಲ ನಮಗೆ ಬಿಡು. ನೀನು ಯಾಕೆ ತಲೆ ಕೆಡಿಸ್ಕೋತೀಯ?"

ಅವಳು ಬಿಟ್ಟಳು. ಸಂಜೆ ರಸ್ತೆ ದಾಟಿ ಎದುರಿನ ಸಿದ್ಧ ಉಡುಪಿನ ಅಂಗಡಿಯವನನ್ನು ಕಂಡಳು. ಉದ್ದ ಹೆಚ್ಚಾಯಿತೆಂದು ಪ್ಯಾಂಟು ವಾಪಸು ತರುವವರ ಬಾಯಿಗೆ ಸಿಕ್ಕಿ ಅವನೂ ರೋಸಿಹೋಗಿದ್ದ. ಬಟ್ಟೆ ತೊಟ್ಟು ನೋಡುವ ಕೋಣೆಯ ಪಕ್ಕದ ಮೂಲೆಯನ್ನು ಬಾಡಿಗೆಗೆ ಕೇಳಿದಳು. ಯಾವಾಗಿನಿಂದ ಎಂದ. ನಾಳೆಯಿಂದ ಎಂದಳು. ಮನೆಯಲ್ಲಿ ಏಳಬಹುದಾದ ರಾದ್ಧಾಂತ ಅವಳಿಗೆ ಗೊತ್ತಿಲ್ಲದ್ದಲ್ಲ.

ಬೆಳಿಗ್ಗೆ ತವರಿನಿಂದ ತಂದಿದ್ದ ಹಳೆಯ ಯಂತ್ರವನ್ನು ಅವಳು ಕೈಗಾಡಿಗೆ ಏರಿಸಿದಾಗ, ಇನ್ನೂ ಬಾಗಿಲೇ ತೆರೆಯದ ಅಂಗಡಿ ಆಗಲೇ ಬೆಳೆಯುತ್ತಿದೆಯೆಂದು ಮಾವ ನೆರೆಯವರ ಮುಂದೆ ಬೀಗಿದರು. ಗಾಡಿ ಎದುರು ಸಾಲಿಗೆ ಹೊರಳಿತು.

ಅಧ್ಯಕ್ಷರ ಮೊದಲ ಗಿರಾಕಿಗೆ ಸೂಟು ಬೇಕಿರಲಿಲ್ಲ. ಹೊಸ ಪ್ಯಾಂಟಿನ ಕಾಲು ಎರಡು ಬೆರಳು ಗಿಡ್ಡವಾದರೆ ಸಾಕು, ನಿಂತೇ ಇರುತ್ತೇನೆ ಎಂದ. ವ್ಯವಸ್ಥಾಪಕ ರಸ್ತೆ ದಾಟಿ ಓಡಿದ.

ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಒಬ್ಬ ಹೆಂಗಸಿನ ಲಂಗದ ಅಂಚು ಮಡಚುತ್ತಿದ್ದಳು. ಹಿಂದೆ ಇನ್ನಿಬ್ಬರು ಕಾಯುತ್ತಿದ್ದರು.

"ಬಾ, ಗಿರಾಕಿ ಬಂದಿದಾರೆ. ಅಪ್ಪ ಕಾಯ್ತಿದಾರೆ," ಎಂದ ಗಂಡ, ಯಾರಿಗೂ ಕೇಳಿಸದ ಹಾಗೆ.

ಅವಳು ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದಳು. "ಇಲ್ಲಿಗೇ ಕಳಿಸ್ರೀ. ಇವರದ್ದೆಲ್ಲ ಆದ ಮೇಲೆ ನೋಡ್ತೀನಿ."

ಅವನು ಬರಿಗೈಯಲ್ಲಿ ಮರಳಿದ. ಅಷ್ಟರಲ್ಲಿ ಅಧ್ಯಕ್ಷರು ಯಂತ್ರದ ಮುಂದೆ ಕೂತು, ಪ್ಯಾಂಟಿನ ಕಾಲನ್ನು ದಾರವಿಲ್ಲದ ಸೂಜಿಯ ಕೆಳಗೆ ಹರಡಿ, ಗಿರಾಕಿಯನ್ನೇ ಕೇಳುತ್ತಿದ್ದರು: "ಈ ಚಕ್ರ ಯಾವ ಕಡೆ ತಿರುಗಬೇಕು, ನಿಮಗೇನಾದ್ರೂ ಗೊತ್ತಾ?"